ತಮ್ಮನ ಮೂಗಿಗೊಂದು ಇಟಲಿ ತುಳಸಿ

ಆ ಮಧ್ಯಾಹ್ನ ಯಲ್ಲಾಪುರದ ನಮ್ಮ ಮನೆಯ ಜಗಲಿಯಲ್ಲಿ ನಾವು ನಾಲ್ಕು ಜನ ಇದ್ದೆವು. ಕಂಬಕ್ಕೆ ಬೆನ್ನು ಕೊಟ್ಟು ಕಾಲು ಚಾಚಿ ಕೂತವರು ನನ್ನ ಅತ್ತೆ. ಶಾಲೆಯಿಂದ ಊಟಕ್ಕೆ ಬಂದ ನನ್ನ ಯಜಮಾನರು ಕರೆಂಟು ಹೋಗಿದ್ದಕ್ಕೆ ಹಾಜರಿ ಪುಸ್ತಕದಲ್ಲೇ ಗಾಳಿ ಬೀಸಿಕೊಳ್ಳುತ್ತಿದ್ದರು. ನಾನು ಬಾಗಿಲ ಬದಿಗೆ ನೆಲದ ಮೇಲೆ. ನಾಲ್ಕನೆಯವನು ನನ್ನ ತಮ್ಮ. ಹುಬ್ಬಳ್ಳಿಯ ಬಸ್ಸಿನಿಂದ ಆಗಷ್ಟೇ ಇಳಿದು ಬಂದಿದ್ದ, ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ನಮ್ಮ ಮೂವರ ಲೋಟ ಖಾಲಿಯಾಗಿತ್ತು. ಅವನ ಪಾಲಿನ ಶರಬತ್ತಿನ ಲೋಟಕ್ಕೆ ಅತ್ತೆ ತಟ್ಟೆ ಮುಚ್ಚಿಟ್ಟಿದ್ದರು.

"ತಗ ತಮಾ, ಕುಡಿ. ಬಿಸಿಲಲ್ಲಿ ಬಂದವ."

ಅವನು ತಟ್ಟೆ ತೆಗೆದು ಲೋಟದೊಳಗೆ ನೋಡಿದ. ನಿಂಬೆಹಣ್ಣಿನ ನೀರಿನಲ್ಲಿ ಕಪ್ಪು ಬೀಜಗಳು, ಒಂದೊಂದರ ಸುತ್ತಲೂ ಲೋಳೆಯ ಬಿಳಿ ಅಂಗಿ. ಕುಡಿಯಲಿಲ್ಲ. ನನ್ನ ಕಡೆ ತಿರುಗಿದ.

"ಅಕ್ಕಾ, ಈ ಬೀಜ ಎಲ್ಲಿದು?"

ನಾನು ಹೇಳುವ ಮೊದಲೇ ಅತ್ತೆ ಹೇಳಿದರು: "ಕಾಮಕಸ್ತೂರಿ ಬೀಜ ಅಲ್ದ? ಅಡಿಗೆಮನೆ ಕಿಟಕಿಲಿ ಬಟ್ಲಲ್ಲಿ ನೆನೆಸಿಟ್ಟಿತ್ತು. ಶರಬತ್ತಿಗೇ ನೆನೆಸಿದ್ದು ಹೇಳಿ ತಿಳ್ಕಂಡು ಆನೇ ಮಾಡಿದಿ. ಎಂತಕ್ಕೆ?"

ನೆನೆಸಿದವಳು ನಾನೇ ಹೌದು. ಆದರೆ ಕುಡಿಯುವುದಕ್ಕಲ್ಲ, ಬಿತ್ತುವುದಕ್ಕೆ. ನಮ್ಮಲ್ಲಿ ಸೌತೆ ಇರಲಿ, ಹಾಗಲ ಇರಲಿ, ನೆನೆಸದೆ ಯಾವ ಬೀಜವನ್ನೂ ಮಣ್ಣಿಗೆ ಹಾಕಿದವರಿಲ್ಲ. ನನ್ನ ಅಮ್ಮ ಹಾಗೆ ಮಾಡುತ್ತಿದ್ದಳು, ಅವಳ ಅಮ್ಮನೂ ಹಾಗೇ. ಬೆಳಿಗ್ಗೆ ಹುಬ್ಬಳ್ಳಿಗೆ ಹೊರಡುವಾಗ ತಮ್ಮ "ಅಕ್ಕಾ, ಬೀಜಕ್ಕೆ ಮಣ್ಣು ಹದ ಮಾಡಿಡು, ಆನು ಬಂದು ಹಾಕ್ತೆ" ಎಂದಿದ್ದ. ಅವನು ಬರುವುದರೊಳಗೆ ಬೀಜವೂ ತಯಾರಿರಲಿ ಎಂದು ನಾನು ಪೊಟ್ಟಣ ಒಡೆದು ಅರ್ಧದಷ್ಟು ಬೀಜವನ್ನು ಬಟ್ಟಲಿಗೆ ಸುರಿದು, ನೀರು ಹಾಕಿ, ಬಟ್ಟೆ ಒಗೆಯಲು ಹೋಗಿದ್ದೆ. ಒಗೆದು ಬಂದಾಗ ಅತ್ತೆ ಲೋಟ ಕೈಗೆ ಕೊಟ್ಟರು. ಬಾಯಾರಿದ್ದೆ, ಕೇಳದೆ ಕುಡಿದೆ. ಚೆನ್ನಾಗಿಯೇ ಇತ್ತು. ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ.

"ಅತ್ತೆ," ಅಂದ ತಮ್ಮ, "ಅದು ಇಟಲಿಯಿಂದ ಬಂದ ಬೀಜ ಆಗಿತ್ತು."

ಯಜಮಾನರು ಗಾಳಿ ಬೀಸುವುದನ್ನು ನಿಲ್ಲಿಸಿದರು. ಅತ್ತೆ ತಾವು ಕುಡಿದಿಟ್ಟ ಖಾಲಿ ಲೋಟವನ್ನು ಒಮ್ಮೆ ನೋಡಿ, ಕಾಲು ಮಡಚಿಕೊಂಡರು. ಆಮೇಲೆ ತಮ್ಮನೇ ನಕ್ಕ. "ಅಡ್ಡಿಲ್ಲೆ. ನಿಂಗಳ ಹೊಟ್ಟೆಲಿ ಗಿಡ ಹುಟ್ಟಿದ್ರೆ ನಾಲ್ಕು ಎಲೆ ಯಂಗೆ ಕೊಟ್ಟರಾತು."

ಅವನು ನಕ್ಕನಲ್ಲ, ಅದು ನನಗೆ ಹೆಚ್ಚು ಕಷ್ಟವಾಯಿತು. ಆ ಬೀಜ ಅವನಿಗೆ ಏನು ಎನ್ನುವುದು ನನಗೆ ಗೊತ್ತಿತ್ತು.

ನನ್ನ ತಮ್ಮ ಅಡಿಗೆಯವನು. ಹೆಗ್ಗರಣೆ ಕಡೆಯ ನಮ್ಮ ತವರಿನಲ್ಲಿ ಮದುವೆ ಮುಂಜಿಗಳ ಅಡಿಗೆಗೆ ಹೋಗಿ ಕಲಿತವನು, ಇಪ್ಪತ್ತರ ಹೊತ್ತಿಗೆ ಗೋವೆಗೆ ಹೋಗಿ ಸಮುದ್ರದ ಬದಿಯ ಒಂದು ಸಣ್ಣ ಹೋಟೆಲು ಸೇರಿದ. ಅದರ ಯಜಮಾನಿ ಇಟಲಿಯವಳು. ಹೋಳಿಗೆ ಲಟ್ಟಿಸುತ್ತಿದ್ದ ಕೈ ಅಲ್ಲಿ ಅವರ ಊಟದ ಹಿಟ್ಟು ಲಟ್ಟಿಸಿತು. ಬಂದಾಗಲೆಲ್ಲ ಅದರ ಕತೆಯೇ. ಅಲ್ಲಿ ಬೇಸಿಲ್ ಎನ್ನುವ ಎಲೆ ಇದೆಯಂತೆ, ನಮ್ಮ ಕಾಮಕಸ್ತೂರಿಯ ಒಡಹುಟ್ಟು, ಅದನ್ನು ಕೊನೆಗೆ ಹಾಕಿದರೇ ಪದಾರ್ಥ ಮುಗಿದ ಹಾಗಂತೆ. ಅದರಲ್ಲೂ ಒಂದು ಕುಳ್ಳ ಜಾತಿ, ಎಲೆ ಕಿರುಬೆರಳಿನ ಉಗುರಿನಷ್ಟು, ಗಿಡ ಕತ್ತರಿಸದೆಯೂ ಚೆಂಡಿನ ಹಾಗೆ ದುಂಡಗೆ ಬೆಳೆಯುತ್ತದಂತೆ. ವಾಸನೆ ಮಾತ್ರ ದೊಡ್ಡೆಲೆಯದಕ್ಕಿಂತ ಜೋರಂತೆ.

ಎರಡು ಸಾವಿರದ ಮೂರೋ ನಾಲ್ಕೋ, ಆ ವರ್ಷದ ಚಳಿಗಾಲದ ಕೊನೆಗೆ ಅವನು ಗೋವೆಯಲ್ಲಿ ಬೈಕಿನಿಂದ ಬಿದ್ದ. ತಲೆಯ ಹಿಂಭಾಗಕ್ಕೆ ಏಟು. ಹದಿನೈದು ದಿನದಲ್ಲಿ ಎದ್ದು ಓಡಾಡಿದ. ಕೈಕಾಲು ಸರಿ, ಮಾತು ಸರಿ, ನೆನಪು ಸರಿ. ಮೂಗು ಮಾತ್ರ ಹೋಗಿತ್ತು. ನಾಲಿಗೆಗೆ ಉಪ್ಪು ಹುಳಿ ಖಾರ ಸಿಹಿ ಗೊತ್ತಾಗುತ್ತಿತ್ತು. ಆದರೆ ಇಂಗಿಗೂ ಸೀಮೆಎಣ್ಣೆಗೂ ವ್ಯತ್ಯಾಸವಿಲ್ಲ. ಹುಬ್ಬಳ್ಳಿಯ ಡಾಕ್ಟರು, "ಬರಬಹುದು, ಬರದೆಯೂ ಇರಬಹುದು, ಕಾದು ನೋಡ್ರಿ" ಅಂದರು. ಹುಬ್ಬಳ್ಳಿಗೆ ಹೋಗಿ ಬರಲು ಅನುಕೂಲ ಅಂತ ನಮ್ಮ ಮನೆಗೆ ಬಂದು ಉಳಿದ. ಗೋವೆ ಬಿಟ್ಟು ಹೊರಡುವಾಗ ಯಜಮಾನಿ ಅವನ ಕೈಯಲ್ಲಿ ಆ ಬೀಜದ ಪೊಟ್ಟಣ ಕೊಟ್ಟು, ನೀನೇ ಬೆಳೆಸು, ಇದರ ವಾಸನೆ ಬಂದ ದಿನ ತಿರುಗಿ ಬಾ, ದೀಪಾವಳಿ ಕಳೆದು ಹೋಟೆಲು ತೆರೆಯುವವರೆಗೆ ನಿನ್ನ ಜಾಗ ನಿನ್ನದೇ ಅಂದಿದ್ದಳಂತೆ. ಪೊಟ್ಟಣದ ಮೇಲೆ ನಮಗ್ಯಾರಿಗೂ ಓದಲು ಬಾರದ ಅಕ್ಷರ, ಒಂದು ಕುಂಡದ ಚಿತ್ರ, ಕುಂಡದಲ್ಲಿ ಹಸಿರು ಚೆಂಡು.

ಅರ್ಧ ಪೊಟ್ಟಣವನ್ನು ನಾವು ಕುಡಿದಾಗಿತ್ತಲ್ಲ, ಉಳಿದದ್ದರಲ್ಲಿ ಅರ್ಧವನ್ನು ಅತ್ತೆ ಪ್ರಾಯಶ್ಚಿತ್ತಕ್ಕೆಂದು ಸ್ವಂತ ಕೈಯಿಂದ ಬಿತ್ತಿದರು. ಎಣ್ಣೆಡಬ್ಬಿಯಲ್ಲಿ ಮಣ್ಣು, ಕೊಟ್ಟಿಗೆ ಗೊಬ್ಬರ, ಬೂದಿ. ಹಾಗಲ ಬೀಜ ಊರುವ ಹಾಗೆ ಬೆರಳಿನ ಒಂದು ಗಂಟು ಆಳಕ್ಕೆ ಒತ್ತಿ, ಮೇಲೆ ಮಣ್ಣು ಎಳೆದು ಅಂಗೈಯಿಂದ ತಟ್ಟಿದರು. ದಿನಾ ಎರಡು ಹೊತ್ತು ಚೊಂಬಿನಲ್ಲಿ ನೀರು. ಮೂರು ವಾರವಾದರೂ ಮಣ್ಣು ಮಣ್ಣಾಗಿಯೇ ಇತ್ತು. ಅತ್ತೆಗೆ ಅವಮಾನವಾಯಿತು. ಅವರ ಕೈಯಲ್ಲಿ ಚಿಗುರದ ಬೀಜ ಇರಲಿಲ್ಲ.

"ಎಂತ ಬೀಜವೇನ. ಹಡಗಲ್ಲೇ ಸತ್ತಿತ್ತು," ಅಂದರು.

ತಮ್ಮ ಬಸ್‌ಸ್ಟ್ಯಾಂಡಿನ ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ ಗೋವೆಗೆ ಫೋನು ಮಾಡಿ ಬಂದ. ತಪ್ಪು ಬೀಜದ್ದಲ್ಲ, ನಮ್ಮದು. ಆ ಬೀಜವನ್ನು ನೆನೆಸಲೂ ಬಾರದು, ಹೂಳಲೂ ಬಾರದು. ಮಣ್ಣಿನ ಮೇಲೆ ಉದುರಿಸಿ ಸುಮ್ಮನೆ ಬಿಡಬೇಕು, ಅದಕ್ಕೆ ಬೆಳಕು ಕಾಣಬೇಕು. ಮೇಲಿಂದ ನೀರು ಹಾಕಬಾರದು, ಕೆಳಗಿನಿಂದ ಹೀರಿಕೊಳ್ಳಲು ಬಿಡಬೇಕು.

"ಬೆಳಕು ಕಾಣವಡ? ಬೀಜಕ್ಕೆ ಕಣ್ಣಿದ್ದ?" ಎಂದು ಅತ್ತೆ ಗೊಣಗಿದರು. ಆದರೆ ತಾವೇ ಹೋಗಿ ನಾಲ್ಕು ತೆಂಗಿನ ಕರಟ ಹುಡುಕಿ ತಂದು, ಕಣ್ಣು ಚುಚ್ಚಿ, ಕಲ್ಲಿನ ಮೇಲೆ ಉಜ್ಜಿ ಹದ ಮಾಡಿಕೊಟ್ಟರು.

ತಮ್ಮ ಜರಡಿ ಹಿಡಿದ ಮಣ್ಣು ತುಂಬಿ, ಉಳಿದ ಬೀಜವನ್ನು ಚಿಟಿಕೆಯಲ್ಲಿ ಹಿಡಿದು, ಪದಾರ್ಥಕ್ಕೆ ಉಪ್ಪು ಉದುರಿಸುವ ಹಾಗೆ ಎತ್ತರದಿಂದ ಉದುರಿಸಿದ. ಅದು ಅಡಿಗೆಯವನ ಕೈ. ಕರಟಗಳನ್ನು ನೀರು ಹಾಕಿದ ತಟ್ಟೆಯಲ್ಲಿ ಕೂರಿಸಿ, ಮೇಲೆ ಹಳೆಯ ಫೋಟೊದ ಗಾಜು ಮುಚ್ಚಿ, ಪೂರ್ವದ ಕಿಟಕಿಗೆ ಇಟ್ಟೆವು. ಆರನೆಯ ದಿನವೋ ಏಳನೆಯದೋ, ಅತ್ತೆ ನನ್ನನ್ನು ಕರೆದು ಗಾಜನ್ನು ಎತ್ತಿ ತೋರಿಸಿದರು. ಸಾಸಿವೆಯನ್ನು ಸೀಳಿ ಎರಡು ಮಾಡಿಟ್ಟ ಹಾಗೆ, ಒಂದೊಂದು ಕಡ್ಡಿಗೆ ಎರಡೆರಡು ಎಲೆ.

ಆಗ ಜೂನು ಮುಗಿಯುತ್ತಿತ್ತು. ಯಲ್ಲಾಪುರದ ಜುಲೈಯಲ್ಲಿ ಒಗೆದ ಬಟ್ಟೆಯೇ ವಾರಕ್ಕೆ ಒಣಗುವುದಿಲ್ಲ, ಇನ್ನು ಇಟಲಿಯ ಸಸಿ. ನಿನ್ನೆ ನೆಟ್ಟಗಿದ್ದದ್ದು ಇವತ್ತು ಮಣ್ಣಿನ ಮಟ್ಟದಲ್ಲಿ ಕುತ್ತಿಗೆ ಕಪ್ಪಾಗಿ ಅಡ್ಡ ಬಿದ್ದಿರುತ್ತಿತ್ತು. ಎಲೆ ಇನ್ನೂ ಹಸಿರೇ, ಮುಟ್ಟಿದರೆ ಬೇರಿಲ್ಲ. ನಾನು ಬೂದಿ ಹಾಕಿದೆ. ಅರಿಸಿನ ಹಾಕಿದೆ. ಗಾಜು ತೆಗೆದೆ, ಮತ್ತೆ ಹಾಕಿದೆ. ಮಕ್ಕಳಿಗೆ ಜ್ವರ ಬಂದಾಗ ಹಣೆಯ ಮೇಲಾದರೂ ಕೈ ಇಡಬಹುದು. ಇದಕ್ಕೆ ಕೈ ಇಡುವ ಜಾಗವೂ ಇಲ್ಲ. ತಮ್ಮ ದಿನಾ ಬೆಳಿಗ್ಗೆ ಬಂದು ಬಿದ್ದವನ್ನು ಹೆಕ್ಕಿ ತೆಗೆದು ಹೋಗುತ್ತಿದ್ದ.

ಕಡೆಗೆ ಅತ್ತೆಗೇ ಹೊಳೆಯಿತು, ಬಚ್ಚಲ ಒಲೆ. ಮಳೆಗಾಲವಿಡೀ ನಮ್ಮ ಮನೆಯಲ್ಲಿ ಒಣಗಿರುವ ಜಾಗ ಅದೊಂದೇ. ಹಂಡೆಯ ಪಕ್ಕದ ಕಟ್ಟೆಯ ಮೇಲೆ, ಸಣ್ಣ ಕಿಟಕಿಯ ಕೆಳಗೆ, ಉಳಿದ ಮೂರು ಸಸಿಯ ಕರಟ ಇಟ್ಟರು. ಮೈ ತೊಳೆಯಲು ಹೋದವರಿಗೆಲ್ಲ ಅಪ್ಪಣೆಯಾಯಿತು, ನೀರು ಹಾರಿಸಬಾರದು. "ಮಳೆಗಾಲ ಹೋಪವರೆಗೆ ಬಗ್ಗಿ ಮೀಯಿ," ಎಂದು ಮಗನಿಗೇ ಹೇಳಿದರು. ಯಜಮಾನರು ಎರಡು ತಿಂಗಳು ಬಗ್ಗಿಯೇ ಮಿಂದರು. ಆದರೂ ಎರಡು ಸತ್ತು ಒಂದು ಉಳಿಯಿತು.

ಆ ಒಂದು ಮಾತ್ರ, ಭಾದ್ರಪದದ ಬಿಸಿಲು ಬಿದ್ದದ್ದೇ ತಡ, ಚಿತ್ರದಲ್ಲಿದ್ದ ಹಾಗೆಯೇ ಬಂತು. ಕುಂಡಕ್ಕೆ ಬದಲಾಯಿಸಿದೆವು. ಗೇಣುದ್ದ ಗಿಡ, ಮೇಲಿಂದ ನೋಡಿದರೆ ಗುಂಡಗೆ, ಎಲೆಯ ಮೇಲೆ ಎಲೆ, ಬೆರಳು ಹೋಗಲೂ ಸಂದಿಲ್ಲ. ಸವರಿದರೆ ಸಾಕು, ಕೈಗೆ ವಾಸನೆ ಹತ್ತಿ ಮಧ್ಯಾಹ್ನದವರೆಗೂ ಹೋಗುತ್ತಿರಲಿಲ್ಲ. ನನ್ನ ಕೈಗೆ.

ತುದಿಯಲ್ಲಿ ಹೂವಿನ ಮೊಗ್ಗು ಕಂಡರೆ ತಮ್ಮ ಉಗುರಿನಿಂದ ಚಿವುಟುತ್ತಿದ್ದ. ಹೂ ಬಿಟ್ಟರೆ ಎಲೆ ನಿಂತುಹೋಗುತ್ತದೆ ಎನ್ನುತ್ತಿದ್ದ. ಅತ್ತೆಗೆ ಅದನ್ನು ನೋಡಲಾಗುತ್ತಿರಲಿಲ್ಲ. ಅವರಿಗೆ ಅದು ಇಟಲಿಯದಾದರೂ ತುಳಸಿಯೇ.

"ಉಗುರು ತಾಗ್ಸಡ ತಮಾ. ಅದೂ ದೇವರಿಗೆ ಇಡದೆ ನೀ ಮೊದಲು ಮೂಸೂದು ಬೇರೆ."

"ಮೂಸಿದ್ರೂ ಯಂಗೆಲ್ಲಿ ಗೊತ್ತಾಗ್ತು ಅತ್ತೆ. ದೇವರಿಗೆ ಎಂಜಲು ಆಗ್ತಿಲ್ಲೆ," ಎನ್ನುತ್ತಿದ್ದ ಅವನು.

ಅತ್ತೆ ಹೂ ಕೊಯ್ಯುವಾಗ ಉಸಿರನ್ನೂ ಬಿಗಿಹಿಡಿಯುವವರು. ದೇವರಿಗಿಂತ ಮೊದಲು ಮನುಷ್ಯ ಮೂಸಿದ ಹೂವು ಪೂಜೆಗೆ ಸಲ್ಲುವುದಿಲ್ಲ ಎನ್ನುವುದು ಅವರ ಮನೆಯ ನೇಮ. ಎಷ್ಟು ವರ್ಷದ ಅಭ್ಯಾಸವೆಂದರೆ, ಸೇವಂತಿಗೆಗೆ ಯಾವ ವಾಸನೆ ಎಂದು ಕೇಳಿದರೆ ಅವರು ಯೋಚಿಸಬೇಕಾಗುತ್ತಿತ್ತು.

ಬೆಳಿಗ್ಗೆ ಅವನು ಆ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಎಲೆ ತಿಕ್ಕಿ, ಬೆರಳನ್ನು ಮೂಗಿನ ಹತ್ತಿರ ಹಿಡಿಯುವ ಹೊತ್ತಿಗೆ ಮನೆಯವರೆಲ್ಲ ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದೆವು. ಯಾರೂ ಕೇಳುತ್ತಿರಲಿಲ್ಲ. ಅತ್ತೆ ಮಾತ್ರ ಒಂದು ಸಲ ಕೆಮ್ಮುತ್ತಿದ್ದರು. ಅವನು ತಲೆ ಅಲ್ಲಾಡಿಸಿ, "ಇನ್ನೂ ವಾಸನೆ ಬೈಂದಿಲ್ಲೆ ಅತ್ತೆ," ಎನ್ನುತ್ತಿದ್ದ.

ನವರಾತ್ರಿ ಮುಗಿದ ವಾರ ಒಂದು ಬೆಳಿಗ್ಗೆ ಅವನು ಹಾಗೆ ಹೇಳಲಿಲ್ಲ. ಬಹಳ ಹೊತ್ತು ಬೆರಳು ಹಿಡಿದೇ ಕೂತಿದ್ದ. ಆಮೇಲೆ ಒಳಗೆ ಬಂದು ನನಗೆ ಹೇಳಿದ, "ಅಕ್ಕಾ, ಎಂತದೋ ಬಂದಾಂಗಾತು. ಹೌದೋ ಅಲ್ದೋ ಗೊತ್ತಿಲ್ಲೆ. ಒಂದು ಪರೀಕ್ಷೆ ಮಾಡು."

ಪರೀಕ್ಷೆ ಹೇಗೆ ಎಂದೂ ಅವನೇ ಹೇಳಿಕೊಟ್ಟ. ಮೂರು ಬಟ್ಟಲು. ಒಂದರಲ್ಲಿ ನಮ್ಮ ತುಳಸಿ, ಒಂದರಲ್ಲಿ ದಾಸವಾಳದ ಎಲೆ, ಒಂದರಲ್ಲಿ ಬೇಸಿಲ್, ಮೂರನ್ನೂ ಜಜ್ಜಿ ಹಾಕಬೇಕು, ಮುಟ್ಟಿ ಗೊತ್ತಾಗಬಾರದು. ಅವನು ಜಗಲಿಯಲ್ಲಿ ಕೂತು ಕಣ್ಣಿಗೆ ಟವೆಲು ಕಟ್ಟಿಕೊಂಡ. ಅತ್ತೆ ಪೂಜೆಯ ಹೂಬುಟ್ಟಿ ಹಿಡಿದುಕೊಂಡೇ ಬಂದು ಕಂಬದ ಹತ್ತಿರ ನಿಂತರು.

ಮೊದಲ ಬಟ್ಟಲು ತುಳಸಿ. ಮೂಸಿದ, ಬದಿಗಿಟ್ಟ. ಎರಡನೆಯದು ದಾಸವಾಳ. ಜಜ್ಜಿದ ದಾಸವಾಳದ ಎಲೆಗೆ ವಾಸನೆ ಎಂಬುದು ಇಲ್ಲವೇ ಇಲ್ಲ, ಬರೇ ಲೋಳೆ. ಅದನ್ನು ಹಿಡಿದು ಕೂತ. ಮೂರನೆಯದನ್ನು ಹಿಡಿದ, ಅದರ ವಾಸನೆ ಮಾರು ದೂರ ನಿಂತ ನನಗೆ ಬಡಿಯುತ್ತಿತ್ತು. ಅದನ್ನು ಇಳಿಸಿ ಮತ್ತೆ ಎರಡನೆಯದನ್ನು ಎತ್ತಿಕೊಂಡ. ಉಸಿರೆಳೆದ. ಅವನ ಮುಖ ಅರಳಿತು. ಬಿದ್ದ ಮೇಲೆ ಆ ಮುಖವನ್ನು ನಾನು ನೋಡಿರಲಿಲ್ಲ.

"ಇದೇಯ," ಅಂದ. "ಇದೇ ಅಲ್ದಾ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕಂಬದ ಹತ್ತಿರದಿಂದ ಅತ್ತೆಯ ದನಿ ಬಂತು, "ಹೌದು ತಮಾ. ಅದೇಯ."

ಅವನು ಟವೆಲು ಬಿಚ್ಚುವುದರೊಳಗೆ ಅತ್ತೆ ಬಂದು ಬಟ್ಟಲುಗಳನ್ನು ಒಂದರೊಳಗೊಂದು ಸೇರಿಸಿ ಒಳಗೆ ಒಯ್ದಾಗಿತ್ತು. ನಾನು ಬಾಯಿ ತೆರೆದಿದ್ದವಳು ಹಾಗೆಯೇ ಮುಚ್ಚಿಕೊಂಡೆ. ಆ ಗಳಿಗೆಯಲ್ಲಿ ಹೇಳಬಹುದಿತ್ತು. ಇವತ್ತಿಗೂ ಅದನ್ನು ನೆನೆದರೆ, ಹೇಳಬೇಕಿತ್ತು ಎನಿಸುತ್ತದೆ, ಹೇಳಲಾಗುತ್ತಿರಲಿಲ್ಲ ಎಂದೂ ಎನಿಸುತ್ತದೆ.

ಒಳಗೆ ಹೋದಾಗ ಅತ್ತೆ ಬಟ್ಟಲು ತೊಳೆಯುತ್ತಿದ್ದರು. ನನ್ನತ್ತ ತಿರುಗಿ ನೋಡದೆ ಅಂದರು, "ಎಂತಕ್ಕೆ ಹಂಗೆ ಹೇಳಿದೆ ಹೇಳಿ ಕೇಳಡ ತಂಗಿ. ಬಾಯಿಗೆ ಬಂತು."

ಮಧ್ಯಾಹ್ನವೇ ತಮ್ಮ ಬೂತಿಗೆ ಹೋಗಿ ಗೋವೆಗೆ ಫೋನು ಮಾಡಿ, ಬರುತ್ತೇನೆ ಅಂದು ಬಂದ. ಎರಡು ದಿನ ಮನೆಯಲ್ಲಿ ಹಬ್ಬ. ಟ್ರಂಕಿನಿಂದ ತನ್ನ ಚಾಕು ತೆಗೆದು, ಕಲ್ಲಿಗೆ ಮಸೆದು, ಎಣ್ಣೆ ಹಚ್ಚಿ ಕಾಗದದಲ್ಲಿ ಸುತ್ತಿದ. ಊಟಕ್ಕೆ ಕೂತಾಗ ಸಾರಿನ ಬಟ್ಟಲು ಮೂಗಿಗೆ ಹಿಡಿದು, "ಇಂಗೂ ಚೂರು ಚೂರು ಬಂದಾಂಗಾಗ್ತು," ಅಂದ. ಯಜಮಾನರು, "ಬಂದೇ ಬಂತು ಬಿಡು ಮಾರಾಯಾ," ಅಂದರು; ಅವರಿಗೆ ಬಟ್ಟಲಿನ ವಿಷಯ ಗೊತ್ತಿರಲಿಲ್ಲ. ಅತ್ತೆ ಅನ್ನ ಕಲಸುತ್ತಲೇ ಇದ್ದರು. ನಿಜ ಹೇಳಬೇಕೆಂದು ನಾನು ಎರಡು ಸಲ ಅವನಿದ್ದಲ್ಲಿಗೆ ಹೋಗಿ, ಎರಡು ಸಲವೂ ಬೇರೇನೋ ಕೇಳಿ ಬಂದೆ.

ಮೂರನೆಯ ದಿನ ಬೆಳಿಗ್ಗೆ ಹಾಲನ್ನು ಸಣ್ಣ ಉರಿಯಲ್ಲಿಟ್ಟು, "ನೋಡ್ತಾ ಇರು," ಎಂದು ಅವನಿಗೆ ಹೇಳಿ ಬಟ್ಟೆ ಹರವಲು ಹಿತ್ತಿಲಿಗೆ ಹೋದೆ. ನಾಲ್ಕನೆಯ ಬಟ್ಟೆ ಹರವುವಾಗ ಸೀದ ವಾಸನೆ ಬಂತು. ಹಾಲು ಉಕ್ಕಿದ್ದಲ್ಲ, ತಳ ಹಿಡಿದು ಸೀದದ್ದು. ಪಕ್ಕದ ಮನೆಯಲ್ಲಿ ಮಾತಾಡುತ್ತ ಕೂತಿದ್ದ ಅತ್ತೆಗೂ ಹೋಗಿ ಮುಟ್ಟಿತ್ತು, ಅವರೂ ಅಲ್ಲಿಂದ ಓಡಿ ಬಂದರು. ಇಬ್ಬರೂ ಒಟ್ಟಿಗೇ ಅಡಿಗೆಮನೆಯ ಬಾಗಿಲಿಗೆ ಬಂದೆವು.

ಒಳಗೆ ನೀಲಿ ಹೊಗೆ ತುಂಬುತ್ತಿತ್ತು. ತಮ್ಮ ಒಲೆಗೆ ಎರಡು ಮಾರು ದೂರದಲ್ಲಿ, ಬಾಗಿಲ ಬೆಳಕಿಗೆ ಮುಖ ಮಾಡಿ, ಮಣೆಯ ಮೇಲೆ ಕೂತು ಪೇಪರು ಓದುತ್ತಿದ್ದ.

ನಮ್ಮನ್ನು ಕಂಡು ತಲೆಯೆತ್ತಿದ. "ಎಂತ ಆತು?"

ನಾನು ಸೆರಗಿನಿಂದ ಪಾತ್ರೆ ಹಿಡಿದು ಇಳಿಸಿದೆ. ಅವನು ಪಾತ್ರೆ ನೋಡಿದ, ಹೊಗೆ ನೋಡಿದ, ಅತ್ತೆ ಮೂಗಿಗೆ ಅಡ್ಡ ಹಿಡಿದ ಸೆರಗು ನೋಡಿದ. ಪೇಪರನ್ನು ನಿಧಾನಕ್ಕೆ ನಾಲ್ಕು ಮಡಿಕೆ ಮಾಡಿದ.

"ಅಕ್ಕಾ, ಎರಡನೇ ಬಟ್ಲಲ್ಲಿ ಎಂತ ಇತ್ತು?"

"ದಾಸವಾಳ," ಅಂದೆ.

"ಅಕ್ಕಂಗೆ ಎಂತದೂ ಹೇಳಡ," ಅಂದರು ಅತ್ತೆ. "ಹೌದು ಹೇಳಿದ್ದು ಆನು."

ಅವನು ಬೈಯಲಿಲ್ಲ. "ಎರಡು ಲೀಟರು ಹಾಲು ಹಾಳಾತು," ಅಂದ. ಪಾತ್ರೆ ಎತ್ತಿಕೊಂಡು ಬಾವಿಕಟ್ಟೆಗೆ ಹೋಗಿ, ತೆಂಗಿನ ನಾರು ಬೂದಿ ಹಾಕಿ ತಿಕ್ಕತೊಡಗಿದ. ಅದರ ತಳ ಬೆಳ್ಳಗಾಗಲು ಬಹಳ ಹೊತ್ತು ಹಿಡಿಯಿತು.

ಅದೇ ದಿನ ಸಂಜೆ ಮತ್ತೆ ಬೂತಿಗೆ ಹೋಗಿ ಬಂದ. ಏನು ಹೇಳಿದ, ಆಚೆಯಿಂದ ಏನು ಹೇಳಿದರು, ನಾವು ಕೇಳಲಿಲ್ಲ.

ದೀಪಾವಳಿ ಕಳೆದರೂ ಅವನು ಗೋವೆಗೆ ಹೊರಡಲಿಲ್ಲ, ಗಿಡದ ಹತ್ತಿರ ಕೂರುವುದನ್ನೂ ಬಿಟ್ಟ. ನೀರು ಮಾತ್ರ ಹಾಕುತ್ತಿದ್ದ, ಹೂ ಚಿವುಟಲಿಲ್ಲ. ಒಂದು ಬೆಳಿಗ್ಗೆ ನೋಡುತ್ತೇನೆ, ಪೂಜೆ ಇನ್ನೂ ಆಗಿಲ್ಲ, ಅತ್ತೆ ಹೂಬುಟ್ಟಿ ಬದಿಗಿಟ್ಟು ಆ ಕುಂಡದ ಮುಂದೆ ಕೂತಿದ್ದಾರೆ. ಒಂದು ಎಲೆ ಕಿತ್ತು, ತಿಕ್ಕಿ, ಮೂಗಿಗೆ ಹಿಡಿದು ಕಣ್ಣು ಮುಚ್ಚಿದ್ದಾರೆ. ತಮ್ಮ ಮೆಟ್ಟಿಲ ಮೇಲೆ ನಿಂತಿದ್ದ.

"ಹೆಂಗಿದ್ದು ಅತ್ತೆ?"

ಅತ್ತೆ ಮತ್ತೊಮ್ಮೆ ಮೂಸಿದರು. "ತುಳಸಿ ಹಂಗೆ ಇದ್ದು. ಪೂರಾ ತುಳಸಿ ಅಲ್ಲ. ಲವಂಗ ಇದ್ದು ಅದರೊಳಗೆ. ಸೋಂಪು ಅಂಬಂಗೂ ಇದ್ದು." ಎಲೆಯನ್ನು ಬೆರಳಲ್ಲಿ ತಿರುಗಿಸಿ, "ಹೇಳಲೆ ಬತ್ತಿಲ್ಲೆ ತಮಾ," ಅಂದರು.

"ಇರ್ಲಿ," ಅಂದ ಅವನು. "ಅಷ್ಟು ಸರಿಯಾಗಿ ಹೇಳಿದ್ರಲ."

ಗಿಡ ಪೂರ್ತಿ ಹೂ ಬಿಟ್ಟಿತು, ಬಿಳಿ ಸಣ್ಣ ಹೂ. ಜೇನುಹುಳ ಬಂದವು. ಸಂಕ್ರಾಂತಿಯ ಹೊತ್ತಿಗೆ ಕಡ್ಡಿ ಕಟ್ಟಿಗೆಯಾಗಿ ಎಲೆ ಉದುರಿತು. ಅತ್ತೆ ಒಣ ತೆನೆಗಳನ್ನು ಮೊರದಲ್ಲಿ ತಿಕ್ಕಿ, ಊದಿ, ಬೀಜ ತೆಗೆದು ಔಷಧಿಯ ಖಾಲಿ ಬಾಟಲಿಯಲ್ಲಿ ತುಂಬಿ ದೇವರ ಗೂಡಿನ ಪಕ್ಕ ಇಟ್ಟರು. ಮುಂದಿನ ಮಳೆಗಾಲ ಕಳೆದ ಮೇಲೆ ಹಾಕುವ, ಅಷ್ಟರೊಳಗೆ ಎಂತದಾದರೂ ಆಗಬಹುದು ಎಂದು ನನಗೆ ಹೇಳಿದರು. ಅವನಿಗೆ ಹೇಳಲಿಲ್ಲ.

ಏಪ್ರಿಲಿನಲ್ಲಿ ಒಂದು ಮಧ್ಯಾಹ್ನ ಜಗಲಿಯಲ್ಲಿ ಮತ್ತೆ ನಾವೇ ಕೂತಿದ್ದೆವು. ತಮ್ಮ ಒಳಗಿನಿಂದ ಹರಿವಾಣದಲ್ಲಿ ನಾಲ್ಕು ಲೋಟ ಇಟ್ಟುಕೊಂಡು ಬಂದ. ನಿಂಬೆಹಣ್ಣಿನ ಶರಬತ್ತು, ಅದರಲ್ಲಿ ಕಪ್ಪು ಬೀಜ, ಬೀಜಕ್ಕೆ ಬಿಳಿ ಲೋಳೆ. ದೇವರ ಗೂಡಿನ ಪಕ್ಕದ ಬಾಟಲಿ ಖಾಲಿಯಾಗಿತ್ತು. ಮೊದಲ ಲೋಟ ಅತ್ತೆಯ ಕೈಗೆ ಕೊಟ್ಟು, "ಸಿಹಿ ಸಾಕಾ ನೋಡಿ," ಅಂದ. ಅತ್ತೆ ಲೋಟದೊಳಗಿನ ಬೀಜ ನೋಡಿದರು. ಆಮೇಲೆ ಕುಡಿದು, ಸಾಕು ಅಂದರು. ಅವನೂ ಕುಡಿದ.

ಮರುದಿನ ಬೆಳಿಗ್ಗೆ ಅವನು ಕಾಗದದಲ್ಲಿ ಸುತ್ತಿದ್ದ ಚಾಕು ತೆಗೆದುಕೊಂಡು ಶಿರಸಿಯ ಬಸ್ಸು ಹತ್ತಿದ. ಅಲ್ಲಿಂದ ಸಿದ್ದಾಪುರಕ್ಕೆ ಹೋಗುವವನಿದ್ದ. ಯಾರದೋ ಮನೆಯ ಉಪನಯನದ ಅಡಿಗೆಗೆ ತರಕಾರಿ ಹೆಚ್ಚಲು ಜನ ಬೇಕಾಗಿತ್ತಂತೆ.